ತೆಳುವಾದರೆ ಗಟ್ಟಿ: ಕ್ಷಿಪ್ರ ಘನೀಕರಣದ ಅಲ್ಯೂಮಿನಿಯಂ ಕುರಿತು ಓದುಗರ ಪ್ರಶ್ನೆಗಳು

ಕರಗಿದ ಅಲ್ಯೂಮಿನಿಯಂ ಅನ್ನು ಸೆಕೆಂಡಿಗೆ ಲಕ್ಷಾಂತರ ಡಿಗ್ರಿ ವೇಗದಲ್ಲಿ ತಣಿಸಿ ಗಟ್ಟಿಮುಟ್ಟಾದ ಮಿಶ್ರಲೋಹ ಮಾಡುವ ವಿಧಾನದ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಫೌಂಡ್ರಿ ನಡೆಸುವವರು, ಕಾಲೇಜು ಲ್ಯಾಬಿನವರು, 3ಡಿ ಪ್ರಿಂಟಿಂಗ್ ಮಾಡಿಸುವವರು ಬರೆದಿದ್ದಾರೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಚಿಕ್ಕದು ಮಾಡಿದ್ದೇವೆ.

ಪ್ರಶ್ನೆ: ನಮ್ಮದು ಸಣ್ಣ ಅಲ್ಯೂಮಿನಿಯಂ ಫೌಂಡ್ರಿ. ಅಚ್ಚಿನೊಳಗೆ ನೀರು ಹರಿಸಿದರೆ, ಅಥವಾ ಎರಕ ಹೊಯ್ದ ಕೂಡಲೇ ಅಚ್ಚನ್ನೇ ನೀರಿಗೆ ಅದ್ದಿದರೆ ಕ್ಷಿಪ್ರ ಘನೀಕರಣ ಆಗುವುದಿಲ್ಲವೇ? (ಶಿವಮೊಗ್ಗ)

ಆಗುವುದಿಲ್ಲ. ಅದ್ದುವ ಯೋಚನೆಯನ್ನಂತೂ ಇಲ್ಲಿಗೇ ಬಿಡಿ. ಕರಗಿದ ಅಲ್ಯೂಮಿನಿಯಂ ಅಡಿಗೆ ಒಂದು ಚಮಚ ನೀರು ಸಿಕ್ಕಿಕೊಂಡರೂ ಅದು ಹಬೆಯಾಗಿ ಸಿಡಿದು ಲೋಹವನ್ನು ಮೈಮೇಲೆ ಎರಚುತ್ತದೆ.

ತಣಿಯುವ ವೇಗವನ್ನು ತೀರ್ಮಾನಿಸುವುದು ನೀರಲ್ಲ, ದಪ್ಪ. ಲೆಕ್ಕ ಸುಲಭ. ಲೋಹದಿಂದ ಅಚ್ಚಿಗೆ ಶಾಖ ದಾಟುವ ಗುಣಾಂಕವನ್ನು ಎರಡರ ತಾಪಮಾನದ ಅಂತರದಿಂದ ಗುಣಿಸಿ. ಬಂದದ್ದನ್ನು ಸಾಂದ್ರತೆ, ವಿಶಿಷ್ಟ ಶಾಖ ಮತ್ತು ದಪ್ಪ ಈ ಮೂರರ ಗುಣಲಬ್ಧದಿಂದ ಭಾಗಿಸಿ. 10 ಮಿ.ಮೀ. ದಪ್ಪದ ಎರಕ ಎರಡೂ ಬದಿಯಿಂದ ತಣಿಯುತ್ತದೆ, ಹಾಗಾಗಿ ಲೆಕ್ಕಕ್ಕೆ 5 ಮಿ.ಮೀ. ಹಿಡಿಯಿರಿ. ಲೋಹದ ಅಚ್ಚಿನಲ್ಲಿ ಗುಣಾಂಕ ಚದರ ಮೀಟರಿಗೆ, ಡಿಗ್ರಿಗೆ 2,000 ವ್ಯಾಟ್ ಎಂದುಕೊಳ್ಳೋಣ. ಅಂತರ 500 ಡಿಗ್ರಿ, ದ್ರವದ ಸಾಂದ್ರತೆ ಘನ ಮೀಟರಿಗೆ 2,400 ಕಿಲೋ, ವಿಶಿಷ್ಟ ಶಾಖ ಕಿಲೋಗೆ, ಡಿಗ್ರಿಗೆ 1,100 ಜೂಲ್. ಉತ್ತರ ಸೆಕೆಂಡಿಗೆ ಸುಮಾರು 75 ಡಿಗ್ರಿ. ಅದೇ ಲೋಹವನ್ನು ತಿರುಗುವ ತಾಮ್ರದ ಚಕ್ರದ ಮೇಲೆ 50 ಮೈಕ್ರಾನಿನ ಪಟ್ಟಿಯಾಗಿ ಎಳೆದರೆ ಗುಣಾಂಕ ಲಕ್ಷಕ್ಕೇರುತ್ತದೆ, ಅಂತರ 800 ಡಿಗ್ರಿ ಸಿಗುತ್ತದೆ. ಆಗ ಉತ್ತರ ಸೆಕೆಂಡಿಗೆ 6 ಲಕ್ಷ ಡಿಗ್ರಿ.

‘ಅಚ್ಚನ್ನೇ ಇನ್ನಷ್ಟು ತಣ್ಣಗೆ ಮಾಡುತ್ತೇನೆ’ ಅಂದರೂ ಒಂದು ಮಿತಿಯಿದೆ. ಅಚ್ಚು ಎಷ್ಟೇ ತಣ್ಣಗಿರಲಿ, ಒಳಗಿನ ಶಾಖ 5 ಮಿ.ಮೀ. ದಾಟಿ ಹೊರಬರಲು ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ಅಂದರೆ ಆದರ್ಶ ಸ್ಥಿತಿಯಲ್ಲೂ ಸೆಕೆಂಡಿಗೆ ಸಾವಿರ ಡಿಗ್ರಿ ದಾಟುವುದು ಕಷ್ಟ. ಸಾಲದ್ದಕ್ಕೆ ಅಲ್ಯೂಮಿನಿಯಂ ಗಟ್ಟಿಯಾಗುವಾಗ ಗಾತ್ರದಲ್ಲಿ 6%ಕ್ಕಿಂತ ಹೆಚ್ಚು ಕುಗ್ಗುತ್ತದೆ. ಎರಕ ಅಚ್ಚಿನ ಗೋಡೆ ಬಿಟ್ಟು ಸರಿದ ಕೂಡಲೇ ನಡುವೆ ಗಾಳಿಯ ಪದರ ಬಂದು ಶಾಖದ ದಾರಿಯನ್ನೇ ಮುಚ್ಚುತ್ತದೆ.

ವೇಗದ ಲಾಭ ಎಷ್ಟು ಅಂತ ತಿಳಿಯಲು ಫೌಂಡ್ರಿಯವರಿಗೆ ಉಪಯೋಗವಾಗುವ ಒಂದು ಅಂದಾಜಿದೆ: ತಣಿಯುವ ವೇಗ ಸಾವಿರ ಪಟ್ಟು ಹೆಚ್ಚಿದರೆ ಡೆಂಡ್ರೈಟ್ (ಗಟ್ಟಿಯಾಗುವಾಗ ಮರದಂತೆ ಕವಲೊಡೆಯುವ ಹರಳು) ಕೊಂಬೆಗಳ ನಡುವಿನ ಅಂತರ ಹತ್ತು ಪಟ್ಟು ಇಳಿಯುತ್ತದೆ. ಸೆಕೆಂಡಿಗೆ 1 ಡಿಗ್ರಿಯಲ್ಲಿ ಸುಮಾರು 50 ಮೈಕ್ರಾನ್ ಇದ್ದದ್ದು 100 ಡಿಗ್ರಿಯಲ್ಲಿ 10 ಮೈಕ್ರಾನ್ ಆಗುತ್ತದೆ, ಹತ್ತು ಲಕ್ಷ ಡಿಗ್ರಿಯಲ್ಲಿ ಅರ್ಧ ಮೈಕ್ರಾನ್. ನಿಮ್ಮ ಕೈಗೆ ಎಟಕುವುದು 50ರಿಂದ 10ಕ್ಕೆ ಇಳಿಸುವ ಭಾಗ. ಅದೂ ಸಣ್ಣ ಲಾಭವಲ್ಲ. ಗೋಡೆ ತೆಳುವಾಗಿಸಿ, ದಪ್ಪ ಇರುವಲ್ಲಿ ಶಾಖ ಬೇಗ ಹೀರುವ ತಾಮ್ರದ ತುಂಡು (ಚಿಲ್) ಇಡಿ, ಹರಳನ್ನು ಸಣ್ಣದು ಮಾಡುವ ಟೈಟಾನಿಯಂ-ಬೋರಾನ್ ಗ್ರೇನ್ ರಿಫೈನರ್ ಹಾಕಿ. ಸಿಲಿಕಾನ್ ಮಿಶ್ರಲೋಹವಾದರೆ ಸ್ಟ್ರಾಂಷಿಯಂ ಹಾಕಿ. ಅದಕ್ಕಿಂತ ಮುಂದಿನದು ಬೇರೆ ಯಂತ್ರಗಳ ಕೆಲಸ.

ಪ್ರಶ್ನೆ: 6061 ಮಿಶ್ರಲೋಹವನ್ನು 530 ಡಿಗ್ರಿಗೆ ಕಾಯಿಸಿ ನೀರಿಗೆ ಹಾಕಿ, ಬಲ ಹೆಚ್ಚಿಸುವ ಟಿ6 ಶಾಖೋಪಚಾರ ಮಾಡುತ್ತೇವಲ್ಲ, ಅದೂ ಇದೇ ಅಲ್ಲವೇ?

ಅಲ್ಲ. ಟಿ6ನಲ್ಲಿ ಲೋಹ ಕರಗುವುದೇ ಇಲ್ಲ. ಮೆಗ್ನೀಸಿಯಂ, ಸಿಲಿಕಾನ್‌ಗಳಂಥ ಧಾತುಗಳು ಬಿಸಿ ಘನದಲ್ಲೇ ಬೆರೆತು ಹೋಗುತ್ತವೆ. ನೀರಿಗೆ ಹಾಕಿದಾಗ ಅವು ಅಲ್ಲೇ ಸಿಕ್ಕಿಬೀಳುತ್ತವೆ, ಆಮೇಲೆ 160–175 ಡಿಗ್ರಿಯಲ್ಲಿ ಸಣ್ಣ ಕಣಗಳಾಗಿ ಹೊರಬಂದು ಬಲ ಕೊಡುತ್ತವೆ. ಹಾಗಾಗಿ ಬಿಸಿ ಘನದಲ್ಲಿ ಬೆರೆಯಬಲ್ಲ ಧಾತುಗಳಿಗೆ ಮಾತ್ರ ಈ ಉಪಾಯ ನಡೆಯುತ್ತದೆ. ಕಬ್ಬಿಣದಂಥವು ಘನ ಅಲ್ಯೂಮಿನಿಯಂನಲ್ಲಿ ಬಹುತೇಕ ಬೆರೆಯುವುದೇ ಇಲ್ಲ, ದ್ರವದಲ್ಲಿ ಮಾತ್ರ ಬೆರೆಯುತ್ತವೆ. ಅವನ್ನು ಹಿಡಿಯಬೇಕಾದರೆ ದ್ರವದಿಂದ ನೇರ ಘನಕ್ಕೆ ಬರುವ ಆ ಕ್ಷಣದಲ್ಲೇ ಹಿಡಿಯಬೇಕು.

ಪ್ರಶ್ನೆ: ಸ್ಕ್ರ್ಯಾಪ್‌ನಿಂದ ಬರುವ ಕಬ್ಬಿಣದ ಕಾಟಕ್ಕೆ ನಾವು ಸಾಕಾಗಿ ಹೋಗಿದ್ದೇವೆ. ಕ್ಷಿಪ್ರ ಘನೀಕರಣ ಮಾಡುವವರು ಬೇಕೆಂದೇ 8% ಕಬ್ಬಿಣ ಹಾಕುತ್ತಾರೆ ಎಂದು ಓದಿದೆ. ನಿಜವೇ? (ಪೀಣ್ಯ)

ನಿಜ. ಇಡೀ ವಿಧಾನದ ತಿರುಳೂ ಇದೇ.

ಘನ ಅಲ್ಯೂಮಿನಿಯಂನಲ್ಲಿ ಕಬ್ಬಿಣ ಹೆಚ್ಚೆಂದರೆ ತೂಕದಲ್ಲಿ 0.05% ಬೆರೆಯುತ್ತದೆ, ಅದೂ 655 ಡಿಗ್ರಿಯಲ್ಲಿ. ಉಳಿದದ್ದೆಲ್ಲ ನಿಧಾನವಾಗಿ ತಣಿಯುವಾಗ ಅಲ್ಯೂಮಿನಿಯಂ ಜೊತೆ ಸೇರಿ ಸೂಜಿಗಳಾಗಿ, ಸಿಲಿಕಾನ್ ಇದ್ದರೆ ತೆಳು ಫಲಕಗಳಾಗಿ ಬೆಳೆಯುತ್ತದೆ. ಸೂಜಿಯ ಮೊನೆಯಲ್ಲೇ ಬಿರುಕು ಹುಟ್ಟುವುದರಿಂದ ಎಲ್‌ಎಂ25 ಎಂಬ ಎರಕದ ಮಿಶ್ರಲೋಹದಲ್ಲಿ ಕಬ್ಬಿಣಕ್ಕೆ 0.5% ಮಿತಿ ಇಟ್ಟಿದ್ದಾರೆ. ಡೈಗೆ (ಲೋಹದ ಅಚ್ಚಿಗೆ) ಅಂಟದಿರಲಿ ಅಂತ ಡೈಕಾಸ್ಟಿಂಗ್ ಮಿಶ್ರಲೋಹ ಎಡಿಸಿ12ರಲ್ಲಿ 1.3% ತನಕ ಬಿಟ್ಟಿದ್ದಾರೆ. ನೀವು ಮ್ಯಾಂಗನೀಸ್ ಹಾಕಿ ಆ ಫಲಕಗಳನ್ನು ಮೊಂಡು ಮಾಡುತ್ತೀರಿ. ಕಾಟವನ್ನು ತಗ್ಗಿಸುತ್ತೀರಿ ಅಷ್ಟೇ, ಕಬ್ಬಿಣ ನಿಮಗೆ ಇನ್ನೂ ಕಸವೇ.

ಸೂಜಿ ಬೆಳೆಯಲು ಸಮಯ ಬೇಕು. ಆ ಸಮಯವನ್ನೇ ಕೊಡದಿದ್ದರೆ ಅದೇ ಕಬ್ಬಿಣ ನ್ಯಾನೋಮೀಟರ್ ಲೆಕ್ಕದ ದುಂಡು ಕಣಗಳಾಗಿ ಲೋಹದ ತುಂಬ ಹರಡಿಕೊಳ್ಳುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಅಲೈಡ್ ಸಿಗ್ನಲ್ ಕಂಪನಿ ರೂಪಿಸಿದ 8009 ಎಂಬ ಮಿಶ್ರಲೋಹ. ಅದರಲ್ಲಿ ತೂಕದಲ್ಲಿ 8.5% ಕಬ್ಬಿಣ, 1.3% ವೆನೇಡಿಯಂ, 1.7% ಸಿಲಿಕಾನ್, ಉಳಿದದ್ದು ಅಲ್ಯೂಮಿನಿಯಂ. ಇವು ಸೇರಿ 100 ನ್ಯಾನೋಮೀಟರಿಗಿಂತ ಚಿಕ್ಕ ದುಂಡು ಕಣಗಳಾಗುತ್ತವೆ, ಲೋಹದ ಗಾತ್ರದ ಕಾಲು ಭಾಗಕ್ಕಿಂತ ಹೆಚ್ಚನ್ನು ಅವೇ ತುಂಬುತ್ತವೆ. ಸಿಲಿಕಾನ್, ವೆನೇಡಿಯಂ ಇಲ್ಲದಿದ್ದರೆ ಕಾಲಕ್ರಮೇಣ ಮತ್ತೆ ಸೂಜಿಯೇ ಬರುತ್ತದೆ. ಅವು ಇರುವುದು ಕಣವನ್ನು ದುಂಡಗೆ, ಸ್ಥಿರವಾಗಿ ಉಳಿಸುವುದಕ್ಕೆ.

ಲಾಭ ಕಾಣುವುದು ಬಿಸಿಯಲ್ಲಿ. ಕೋಣೆಯ ತಾಪಮಾನದಲ್ಲಿ ಟಿ6 ಮಾಡಿದ 7075 ಮಿಶ್ರಲೋಹ ಸುಮಾರು 570 ಮೆಗಾಪ್ಯಾಸ್ಕಲ್ ತಡೆಯುತ್ತದೆ, ಅಲ್ಲಿ ಅದೇ ಮೇಲು. 315 ಡಿಗ್ರಿಯಲ್ಲಿ ಅದರ ಬಳಿ ಉಳಿಯುವುದು 55 ಮೆಗಾಪ್ಯಾಸ್ಕಲ್ ಮಾತ್ರ, ಏಕೆಂದರೆ ಬಲ ಕೊಡುತ್ತಿದ್ದ ಸತು-ಮೆಗ್ನೀಸಿಯಂ ಕಣಗಳು ಅಲ್ಲಿ ದಪ್ಪಗಾಗಿ, ಕರಗಿ ಹೋಗುತ್ತವೆ. 8009 ಆ ತಾಪಮಾನದಲ್ಲೂ ತನ್ನ ಬಲದ ಅರ್ಧದಷ್ಟನ್ನು ಉಳಿಸಿಕೊಳ್ಳುತ್ತದೆ. ಅಲ್ಯೂಮಿನಿಯಂ ಒಳಗೆ ಕಬ್ಬಿಣದ ಪರಮಾಣು ತಾಮ್ರಕ್ಕಿಂತ ನೂರಾರು ಪಟ್ಟು ನಿಧಾನವಾಗಿ ಸರಿಯುತ್ತದೆ, ಹೀಗಾಗಿ ಕಣಗಳು ಬೆಳೆಯುವುದಿಲ್ಲ. ಘನದಲ್ಲಿ ಬೆರೆಯದ, ಅಲುಗದ ಅದೇ ಗುಣ ನಿಮಗೆ ತಲೆನೋವು, ಇವರಿಗೆ ಬಂಡವಾಳ.

ಇದರಲ್ಲೂ ಕೊರತೆಯಿದೆ. 150–200 ಡಿಗ್ರಿಯ ಆಸುಪಾಸಿನಲ್ಲಿ 8009ರ ಹಿಗ್ಗುವ ಗುಣ (ಎಳೆದಾಗ ಮುರಿಯದೆ ಉದ್ದವಾಗುವುದು) ತಗ್ಗುತ್ತದೆ, ಅದರಾಚೆ ಮತ್ತೆ ಏರುತ್ತದೆ. ಕೋಣೆಯಲ್ಲಿ ಮತ್ತು 300 ಡಿಗ್ರಿಯಲ್ಲಿ ಮಾತ್ರ ಪರೀಕ್ಷೆ ಮಾಡಿ ‘ಎಲ್ಲ ಸರಿ’ ಅಂದರೆ ನಡುವಿನ ಈ ತಗ್ಗು ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ಕಾಲೇಜಿನ ಲ್ಯಾಬಿನಲ್ಲಿ ಮೆಲ್ಟ್ ಸ್ಪಿನ್ನರ್ (ಕರಗಿದ ಲೋಹವನ್ನು ತಿರುಗುವ ಚಕ್ರದ ಮೇಲೆ ಬಿಟ್ಟು ತೆಳು ಪಟ್ಟಿ, ಅಂದರೆ ರಿಬ್ಬನ್, ಎಳೆಯುವ ಯಂತ್ರ) ಇದೆ. ಅಲ್ಯೂಮಿನಿಯಂ-ಕಬ್ಬಿಣ ರಿಬ್ಬನ್ ಎಳೆಯಲು ಹೋದರೆ ಒಮ್ಮೆ ಚೂರುಚೂರು, ಒಮ್ಮೆ ಗುಂಡುಗುಂಡು. ಯಾವ ಅಳತೆಯಿಂದ ಶುರು ಮಾಡಬೇಕು? (ಸುರತ್ಕಲ್)

15 ಗ್ರಾಂ ಲೋಹಕ್ಕೆ ಈ ಅಳತೆಗಳಿಂದ ಶುರು ಮಾಡಿ: 200 ಮಿ.ಮೀ. ವ್ಯಾಸದ ತಾಮ್ರದ ಚಕ್ರ, ನಾಝಲ್ ರಂಧ್ರ 0.8 ಮಿ.ಮೀ., ನಾಝಲ್‌ನಿಂದ ಚಕ್ರಕ್ಕೆ 2–3 ಮಿ.ಮೀ., ಚಕ್ರದ ಅಂಚಿನ ವೇಗ ಸೆಕೆಂಡಿಗೆ 30 ಮೀಟರ್, ಆರ್ಗಾನ್ ಒತ್ತಡದ ವ್ಯತ್ಯಾಸ 25 ಕಿಲೋಪ್ಯಾಸ್ಕಲ್. ಅಂಚಿನ ವೇಗ 30 ಮೀಟರ್ ಬರಲು 200 ಮಿ.ಮೀ. ಚಕ್ರ ನಿಮಿಷಕ್ಕೆ ಸುಮಾರು 2,870 ಸುತ್ತು ತಿರುಗಬೇಕು. ವರದಿಯಲ್ಲಿ ಸುತ್ತುಗಳನ್ನಲ್ಲ, ಅಂಚಿನ ವೇಗವನ್ನು ಬರೆಯಿರಿ. ಬೇರೆ ಗಾತ್ರದ ಚಕ್ರ ಇರುವವರಿಗೆ ಸುತ್ತಿನ ಸಂಖ್ಯೆಯಿಂದ ಏನೂ ಉಪಯೋಗವಿಲ್ಲ.

ಈ ಅಳತೆಗಳು ಒಂದಕ್ಕೊಂದು ಹೊಂದುತ್ತವೆಯೇ ಅಂತ ಕಾಗದದ ಮೇಲೆ ನೋಡಬಹುದು. 25 ಕಿಲೋಪ್ಯಾಸ್ಕಲ್‌ಗೆ ಧಾರೆಯ ವೇಗ ಸೆಕೆಂಡಿಗೆ ಸುಮಾರು 4.5 ಮೀಟರ್. 0.8 ಮಿ.ಮೀ. ರಂಧ್ರದಿಂದ ಸೆಕೆಂಡಿಗೆ 5 ಗ್ರಾಂನಷ್ಟು ಲೋಹ ಇಳಿಯುತ್ತದೆ. ಅಂದರೆ ನಿಮ್ಮ ಪ್ರಯೋಗ ಮೂರೇ ಸೆಕೆಂಡಿನದು. 2 ಮಿ.ಮೀ. ಅಗಲದ ಪಟ್ಟಿಯಾದರೆ ದಪ್ಪ 35–40 ಮೈಕ್ರಾನ್ ಬರಬೇಕು. ಅಳೆದಾಗ 80 ಬಂದರೆ ಚಕ್ರ ನೀವಂದುಕೊಂಡ ವೇಗದಲ್ಲಿ ತಿರುಗುತ್ತಿಲ್ಲ, ಇಲ್ಲವೇ ರಂಧ್ರ ತಿಂದುಹೋಗಿ ದೊಡ್ಡದಾಗಿದೆ.

ರಂಧ್ರ ತಿಂದುಹೋಗುವುದು ಅಲ್ಯೂಮಿನಿಯಂನ ವಿಶೇಷ ಕಾಟ. ಬಿಸಿ ಅಲ್ಯೂಮಿನಿಯಂ ಕ್ವಾರ್ಟ್ಸ್‌ನ ಆಮ್ಲಜನಕವನ್ನು ಕಿತ್ತುಕೊಂಡು ಸಿಲಿಕಾನ್ ಅನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ನಳಿಗೆ ಹಾಳಾಗುವುದಷ್ಟೇ ಅಲ್ಲ, ಮಿಶ್ರಲೋಹದ ಸಂಯೋಜನೆಯೂ ಕೆಡುತ್ತದೆ. ಒಳಮೈಗೆ ಬೋರಾನ್ ನೈಟ್ರೈಡ್ ಸ್ಪ್ರೇ ಹೊಡೆದು ಚೆನ್ನಾಗಿ ಒಣಗಿಸಿ, ಇಲ್ಲವೇ ಗ್ರಾಫೈಟ್ ನಳಿಗೆ ಬಳಸಿ, ಕರಗಿದ ಮೇಲೆ ಹೆಚ್ಚು ಹೊತ್ತು ಕಾಯಬೇಡಿ.

ಈಗ ನಿಮ್ಮ ದೋಷಗಳಿಗೆ ಬರೋಣ. ಗುಂಡುಗುಂಡಾಗಿ ಸಿಡಿದರೆ ಲೋಹ ಚಕ್ರಕ್ಕೆ ಅಂಟಿಕೊಳ್ಳುತ್ತಿಲ್ಲ ಎಂದರ್ಥ. ಮೊದಲ ಅನುಮಾನ ಚಕ್ರದ ಮೇಲಿನ ಬೆರಳಿನ ಜಿಡ್ಡು. 600ರಿಂದ 1,000 ನಂಬರಿನ ಕಾಗದದಲ್ಲಿ ಉಜ್ಜಿ, ಅಸಿಟೋನಿನಲ್ಲಿ ಒರೆಸಿ, ಆಮೇಲೆ ಮುಟ್ಟಬೇಡಿ. ಅದೂ ಸರಿಯಿದ್ದರೆ ವೇಗವನ್ನು 25 ಮೀಟರಿಗೆ ಇಳಿಸಿ. ಚೂರುಚೂರಾದರೆ, ಅಥವಾ ಪಟ್ಟಿಯ ಚಕ್ರದ ಬದಿಯಲ್ಲಿ ಉದ್ದುದ್ದ ಗುಳಿಗಳಿದ್ದರೆ, ತಿರುಗುವ ಚಕ್ರ ಎಳೆದು ತರುವ ಅನಿಲ ಲೋಹದ ಅಡಿಗೆ ಸಿಕ್ಕಿಕೊಂಡಿದೆ. ಯಂತ್ರದ ಕೋಣೆಯನ್ನು ಎರಡು ಸಲ ನಿರ್ವಾತ ಮಾಡಿ ಆರ್ಗಾನ್ ತುಂಬಿ, ಕೊನೆಯ ಸಲ ವಾತಾವರಣದ ಒತ್ತಡಕ್ಕಿಂತ ಕಡಿಮೆಯಲ್ಲೇ ನಿಲ್ಲಿಸಿ. ಹೀಲಿಯಂ ಸಿಕ್ಕರೆ ಇನ್ನೂ ಒಳ್ಳೆಯದು. ಗುಳಿ ಇರುವಲ್ಲೆಲ್ಲ ಶಾಖದ ದಾರಿ ಮುಚ್ಚಿರುತ್ತದೆ, ಆ ಜಾಗ ನಿಧಾನವಾಗಿ ತಣಿದಿರುತ್ತದೆ. ನೋಟಕ್ಕೆ ಕೆಟ್ಟದ್ದು ಅನ್ನುವುದಕ್ಕಿಂತ ಇದು ದೊಡ್ಡ ದೋಷ.

ಅರ್ಧಕ್ಕೇ ಧಾರೆ ನಿಂತರೆ ರಂಧ್ರದಲ್ಲಿ ಆಕ್ಸೈಡ್ ಪೊರೆ ಅಥವಾ ಕರಗದ ಕಬ್ಬಿಣದ ಸಂಯುಕ್ತ ಸಿಕ್ಕಿದೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ ಎಂದುಕೊಂಡು 750ಕ್ಕೆ ನಿಲ್ಲಿಸುವವರು ಬಹಳ. 8% ಕಬ್ಬಿಣ ಪೂರ್ತಿ ಕರಗಲು ಅದು ಸಾಲದು, 900 ದಾಟಿಸಿ ಸ್ವಲ್ಪ ಹೊತ್ತು ಹಿಡಿಯಬೇಕು. ಕರಗದೆ ಉಳಿದ ಸಂಯುಕ್ತ ರಂಧ್ರ ದಾಟಿ ರಿಬ್ಬನ್‌ಗೆ ಬಂದರೂ ಕೇಡೇ, ಅದು ಹಾಗೇ ದಪ್ಪ ಕಣವಾಗಿ ಉಳಿಯುತ್ತದೆ. ರಿಬ್ಬನ್ ಚಕ್ರ ಬಿಡದೆ ಸುತ್ತಿ ಬಂದು ನಾಝಲ್ ಒಡೆದರೆ ಚಕ್ರ ಬಿಸಿಯಾಗಿದೆ. ಎರಡು ಪ್ರಯೋಗಗಳ ನಡುವೆ ಬಿಡುವು ಕೊಡಿ.

ಆದದ್ದು ಸರಿಯೇ ಅಂತ ನೋಡಲು ಪಟ್ಟಿಯ ಅಡ್ಡ ಕೊಯ್ತವನ್ನು ಪಾಲಿಶ್ ಮಾಡಿ ಆಮ್ಲಗಳ ಮಿಶ್ರಣವಾದ ಕೆಲ್ಲರ್ ದ್ರಾವಣದಲ್ಲಿ ಎಚ್ ಮಾಡಿ, ಅಂದರೆ ಒಳರಚನೆ ಕಾಣುವಷ್ಟು ಮೈ ಸವೆಯಲಿ. ಚಕ್ರದ ಬದಿಯಲ್ಲಿ ಯಾವ ರಚನೆಯೂ ಕಾಣದ ಬಿಳಿ ವಲಯ, ಗಾಳಿಯ ಬದಿಯಲ್ಲಿ ಎಚ್ ಆದ ಒರಟು ವಲಯ ಕಾಣುತ್ತದೆ. ಒಂದೇ ಪಟ್ಟಿಯಲ್ಲಿ ಎರಡು ವಲಯ ಏಕೆಂದರೆ, ಗಟ್ಟಿಯಾಗುವಾಗ ಹೊರಬರುವ ಶಾಖ ಕಿಲೋಗೆ ಸುಮಾರು 400 ಕಿಲೋಜೂಲ್. ಅದು ಇನ್ನೂ ದ್ರವವಾಗಿರುವ ಮೇಲ್ಭಾಗವನ್ನು ಮತ್ತೆ ಕಾಯಿಸಿ ನಿಧಾನ ಮಾಡುತ್ತದೆ. ಬಿಳಿ ವಲಯ ದಪ್ಪದ ಅರ್ಧವೂ ಇಲ್ಲದಿದ್ದರೆ ಪಟ್ಟಿಯನ್ನು ಇನ್ನೂ ತೆಳು ಮಾಡಿ. ಮೈಕ್ರೋಹಾರ್ಡ್‌ನೆಸ್ ತೆಗೆಯುವಾಗ 10–25 ಗ್ರಾಂ ಭಾರ ಸಾಕು. ಹೆಚ್ಚು ಹಾಕಿದರೆ ಅಳೆಯುವ ಮೊನೆ ರಿಬ್ಬನ್ ದಾಟಿ, ರಿಬ್ಬನ್ ಕೂರಿಸಿದ ರೆಸಿನ್‌ನ ಗಡಸುತನ ಅಳೆಯುತ್ತದೆ. ಇಂಥ ‘ಫಲಿತಾಂಶ’ಗಳು ಪ್ರಬಂಧಗಳಲ್ಲಿ ಧಾರಾಳ.

ಪ್ರಶ್ನೆ: ಇಷ್ಟು ತೆಳು ರಿಬ್ಬನ್‌ನಿಂದ ದಪ್ಪ ಸರಳು ಮಾಡುವುದು ಹೇಗೆ? ಮತ್ತೆ ಕರಗಿಸಿದರೆ ಎಲ್ಲ ಹಾಳಲ್ಲವೇ?

ಹಾಳೇ. ಅದಕ್ಕೇ ಕರಗಿಸದೆ ಬೆಸೆಯಬೇಕು. ತೆಳುವನ್ನು ದಪ್ಪ ಮಾಡುವ ಈ ಹಂತದಲ್ಲೇ ಬಹುತೇಕ ಯೋಜನೆಗಳು ಸೋಲುತ್ತವೆ, ರಿಬ್ಬನ್ ಎಳೆಯುವುದರಲ್ಲಲ್ಲ.

ರಿಬ್ಬನ್ ಅನ್ನು 0.4 ಮಿ.ಮೀ.ಗಿಂತ ಚಿಕ್ಕ ಚೂರುಗಳಾಗಿ ಕತ್ತರಿಸಿ, 6061ರ ಡಬ್ಬಿಗೆ ಒತ್ತಿ ತುಂಬಿ, ನಿರ್ವಾತದಲ್ಲಿ 350–400 ಡಿಗ್ರಿಗೆ ನಿಧಾನವಾಗಿ ಕಾಯಿಸಿ ಅನಿಲ ತೆಗೆಯಬೇಕು. ಪಂಪ್‌ನ ಗೇಜು ಇಳಿದು ಸ್ಥಿರವಾಗುವ ತನಕ ಕಾಯಬೇಕು, ಗಂಟೆಗಟ್ಟಲೆ ಹಿಡಿಯುತ್ತದೆ. ಆಮೇಲೆ ಡಬ್ಬಿಯಿಂದ ಅನಿಲ ಎಳೆದ ನಳಿಗೆಯನ್ನು ಚಪ್ಪಟೆ ಮಾಡಿ ಮುಚ್ಚಿ, ಬಿಸಿಯಲ್ಲೇ ಒತ್ತಿ, ಎಕ್ಸ್‌ಟ್ರೂಡ್ ಮಾಡಬೇಕು, ಅಂದರೆ ಡೈಯ ಕಿರಿದಾದ ರಂಧ್ರದಿಂದ ಹಿಸುಕಿ ಹೊರತೆಗೆಯಬೇಕು. ಅಡ್ಡ ಕೊಯ್ತ ಇಪ್ಪತ್ತರಲ್ಲೊಂದು ಪಾಲಿಗೆ ಇಳಿಯಲಿ, ಅಂದರೆ 80 ಮಿ.ಮೀ. ಬಿಲ್ಲೆಟ್‌ನಿಂದ 18 ಮಿ.ಮೀ. ಸರಳು.

ಅಷ್ಟೊಂದು ಹಿಸುಕುವುದು ಏಕೆ ಅಂದರೆ, ಪ್ರತಿ ಚೂರಿನ ಮೇಲೂ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಚರ್ಮವಿದೆ. ಕೇವಲ ಒತ್ತಿದರೆ ಚರ್ಮ ಚರ್ಮಕ್ಕೆ ತಾಗುತ್ತದೆಯೇ ಹೊರತು ಲೋಹ ಲೋಹಕ್ಕೆ ಬೆಸೆಯುವುದಿಲ್ಲ. ಡೈಯಲ್ಲಿ ಎಳೆದಾಡಿ ಜಾರಿದಾಗ ಚರ್ಮ ಹರಿದು ಹೊಸ ಲೋಹ ಹೊರಬಂದು ಬೆಸೆಯುತ್ತದೆ. ಹಿಸುಕಿದ್ದು ಸಾಲದಿದ್ದರೆ ಸರಳು ಉದ್ದಕ್ಕೆ ಬಲವಾಗಿಯೇ ಕಾಣುತ್ತದೆ, ಅಡ್ಡಕ್ಕೆ ಎಳೆದಾಗ ಹಳೆಯ ರಿಬ್ಬನ್‌ಗಳ ಗಡಿಯಲ್ಲೇ ಸೀಳುತ್ತದೆ. ಅಡ್ಡ ದಿಕ್ಕಿನ ಪರೀಕ್ಷೆ ತೋರಿಸದ ಮಾರಾಟಗಾರರನ್ನು ಅದನ್ನು ಕೇಳಿ.

ಆಕ್ಸೈಡಿನಲ್ಲಿ ನೀರೂ ಅವಿತಿರುತ್ತದೆ. ಬಿಸಿಯಲ್ಲಿ ಆ ನೀರು ಅಲ್ಯೂಮಿನಿಯಂ ಜೊತೆ ಸೇರಿ ಇನ್ನಷ್ಟು ಆಕ್ಸೈಡ್ ಮತ್ತು ಹೈಡ್ರೋಜನ್ ಆಗುತ್ತದೆ. ಹೊರಬರಲು ದಾರಿಯಿಲ್ಲದ ಹೈಡ್ರೋಜನ್ ಸರಳಿನ ಮೈಮೇಲೆ ಗುಳ್ಳೆ ಏಳಿಸುತ್ತದೆ. ಎಕ್ಸ್‌ಟ್ರೂಷನ್ ತಾಪಮಾನಕ್ಕಿಂತ 50 ಡಿಗ್ರಿ ಹೆಚ್ಚಿಗೆ ಒಂದು ತುಂಡನ್ನು ಒಂದು ಗಂಟೆ ಕಾಯಿಸಿ ನೋಡಿ. ಗುಳ್ಳೆ ಎದ್ದರೆ ಅನಿಲ ತೆಗೆದದ್ದು ಸಾಲದು. ಹಾಗಂತ ಮೊದಲೇ 500ಕ್ಕೆ ಏರಿಸಿ ಅನಿಲ ತೆಗೆಯಲು ಹೋದರೆ ಸಣ್ಣ ಕಣಗಳು ದಪ್ಪಗಾಗಿ ಸೂಜಿಗಳತ್ತ ತಿರುಗುತ್ತವೆ. ತಾಪಮಾನ ಏರಿಸುವ ಬದಲು ಸಮಯ ಏರಿಸಿ. ಚೂರುಗಳನ್ನು ಒಣ ಆರ್ಗಾನ್‌ನಲ್ಲಿಡಿ. ಮಳೆಗಾಲದ ಕರಾವಳಿ ಗಾಳಿಯಲ್ಲಿ ತೆರೆದಿಟ್ಟ ಡಬ್ಬಿ ಮತ್ತೆ ಸರಿಯಾಗುವುದು ಕಷ್ಟ.

ಪ್ರಶ್ನೆ: ಇಂಥ ಸರಳನ್ನು ವೆಲ್ಡ್ ಮಾಡಬಹುದೇ?

ಟಿಗ್, ಮಿಗ್‌ನಂಥ ಲೋಹ ಕರಗಿಸುವ ವೆಲ್ಡಿಂಗ್ ಬೇಡ. ವೆಲ್ಡ್ ಕೊಳ ನಿಧಾನವಾಗಿ ತಣಿದು ಸೂಜಿಗಳು ವಾಪಸ್ ಬರುತ್ತವೆ, ಹೈಡ್ರೋಜನ್‌ನ ತೂತುಗಳೂ ಸೇರುತ್ತವೆ. ಲೋಹ ಕರಗದ ಫ್ರಿಕ್ಷನ್ ವೆಲ್ಡಿಂಗ್, ಫ್ರಿಕ್ಷನ್ ಸ್ಟರ್, ಇಲ್ಲವೇ ಬೋಲ್ಟ್.

ಪ್ರಶ್ನೆ: 10% ಸಿಲಿಕಾನ್, ಅಲ್ಪ ಮೆಗ್ನೀಸಿಯಂ ಇರುವ ಪುಡಿಯಲ್ಲಿ ಲೇಸರ್ 3ಡಿ ಪ್ರಿಂಟ್ ಮಾಡಿಸಿದ ಭಾಗಕ್ಕೆ ಟಿ6 ಮಾಡಿಸಿದೆವು. ಬಲ ಹೆಚ್ಚುವ ಬದಲು ಇಳಿಯಿತು. ಏಕೆ? (ಮೈಸೂರು)

ಲೇಸರ್ ಕರಗಿಸುವ ಲೋಹದ ಕೊಳ ಕೂದಲೆಳೆಯಷ್ಟು ಅಗಲದ್ದು. ಅದು ಸೆಕೆಂಡಿಗೆ ಲಕ್ಷದಿಂದ ಕೋಟಿ ಡಿಗ್ರಿಯ ನಡುವಿನ ವೇಗದಲ್ಲಿ ತಣಿಯುತ್ತದೆ. ಅಂದರೆ ನಿಮ್ಮ ಭಾಗ ಪ್ರಿಂಟರ್‌ನಿಂದ ಬರುವಾಗಲೇ ಕ್ಷಿಪ್ರ ಘನೀಕರಣ ಆಗಿದೆ. ಅರ್ಧ ಮೈಕ್ರಾನಿನ ಕೋಶಗಳ ಸುತ್ತ ಸಿಲಿಕಾನ್ ಬಲೆ ಹೆಣೆದುಕೊಂಡಿದೆ. ಬಲ 400 ಮೆಗಾಪ್ಯಾಸ್ಕಲ್ ದಾಟುವುದು ಈ ಬಲೆಯಿಂದ. ಎರಕಕ್ಕೆ ಮಾಡುವ ಟಿ6ನ 520–540 ಡಿಗ್ರಿಯಲ್ಲಿ ಬಲೆ ತುಂಡಾಗಿ ಕೆಲವು ಮೈಕ್ರಾನಿನ ಗುಂಡುಗಳಾಗುತ್ತದೆ, ಬಲ 300ರ ಆಸುಪಾಸಿಗೆ ಇಳಿಯುತ್ತದೆ. ಪುಡಿಯಲ್ಲಿದ್ದ ಹೈಡ್ರೋಜನ್ ಹಿಗ್ಗಿ ರಂಧ್ರಗಳನ್ನೂ ದೊಡ್ಡದು ಮಾಡುತ್ತದೆ. ಬಲ ಮುಖ್ಯವಾದರೆ 160–170 ಡಿಗ್ರಿಯಲ್ಲಿ ನೇರ ಏಜಿಂಗ್ (ಮೊದಲು 500 ದಾಟಿಸಿ ಕಾಯಿಸದೆ ಆ ಬಿಸಿಯಲ್ಲೇ ಇಡುವುದು) ಸಾಕು. ಸೊಟ್ಟಗಾಗುವ ಭಯವಿದ್ದರೆ 300 ಡಿಗ್ರಿಯ ಒಳಗೆ ಒತ್ತಡ ಇಳಿಸಿ, ಸ್ವಲ್ಪ ಬಲ ಹೋಗುತ್ತದೆ ಎಂದು ಒಪ್ಪಿಕೊಂಡು. ಹಿಗ್ಗುವ ಗುಣವೇ ಬೇಕಾದವರಿಗೆ ಮಾತ್ರ ಟಿ6.

‘ಹಾಗಾದರೆ 7075 ಪ್ರಿಂಟ್ ಮಾಡೋಣ’ ಎಂದು ಇನ್ನೊಬ್ಬರು ಬರೆದಿದ್ದಾರೆ. ಹಾಗೇ ಮಾಡಿದರೆ ಗಟ್ಟಿಯಾಗುವಾಗಲೇ ಬಿರುಕು ಬಿಡುತ್ತದೆ. 2017ರಲ್ಲಿ ಕ್ಯಾಲಿಫೋರ್ನಿಯಾದ ಎಚ್‌ಆರ್‌ಎಲ್ ಪ್ರಯೋಗಾಲಯದವರು ಪುಡಿಯ ಮೇಲೆ ಜಿರ್ಕೋನಿಯಂ ಆಧಾರಿತ ನ್ಯಾನೋಕಣ ಅಂಟಿಸಿ, ಉದ್ದುದ್ದ ಹರಳಿನ ಬದಲು ಸಣ್ಣ ಹರಳು ಹುಟ್ಟಿಸಿ ಬಿರುಕು ತಪ್ಪಿಸಿದರು. ಬೇಕಾದದ್ದು ಅಂಥ ಪುಡಿ, ಸಾದಾ 7075 ಪುಡಿಯಲ್ಲ.

ಪ್ರಶ್ನೆ: ಈ ವಿಧಾನ ಶುರುವಾದದ್ದು ಯಾವಾಗ? ಬೆಂಗಳೂರಿನಲ್ಲಿ ಇದರ ಕೆಲಸ ನಡೆದಿದೆಯೇ?

1960ರಲ್ಲಿ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಪಾಲ್ ಡ್ಯೂವೆಜ್ ಮತ್ತು ಸಂಗಡಿಗರು ಚಿನ್ನ-ಸಿಲಿಕಾನ್ ಹನಿಯನ್ನು ತಣ್ಣನೆಯ ಮೈಗೆ ಅಪ್ಪಳಿಸಿ ಲೋಹದ ಗಾಜು (ಹರಳು ಕಟ್ಟದ ಲೋಹ) ಮಾಡಿದರು. ಅಲ್ಯೂಮಿನಿಯಂ ಲೋಕದ ದೊಡ್ಡ ಘಟನೆ 1982ರ ಏಪ್ರಿಲ್‌ನದು. ಕ್ಷಿಪ್ರವಾಗಿ ತಣಿಸಿದ ಅಲ್ಯೂಮಿನಿಯಂ-ಮ್ಯಾಂಗನೀಸ್ ರಿಬ್ಬನ್‌ನಲ್ಲಿ ಇಸ್ರೇಲಿನ ವಿಜ್ಞಾನಿ ಡ್ಯಾನ್ ಶೆಖ್ಟ್‌ಮನ್‌ಗೆ ಹರಳುಶಾಸ್ತ್ರ ಒಪ್ಪದ ಸಮ್ಮಿತಿ ಕಂಡಿತು. ಕ್ರಮವಿದ್ದೂ ಒಂದೇ ವಿನ್ಯಾಸ ಮರುಕಳಿಸದ ಆ ಕ್ವಾಸಿಕ್ರಿಸ್ಟಲ್‌ಗೆ 2011ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅವರ ವರದಿ 1984ರಲ್ಲಿ ಅಚ್ಚಾದ ಮರುವರ್ಷವೇ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್, ಕಾಮಾನಿಯೊ ಚಟ್ಟೋಪಾಧ್ಯಾಯ ಅವರ ತಂಡ ಅದೇ ಬಗೆಯ ರಿಬ್ಬನ್‌ಗಳಲ್ಲಿ ದಶಭುಜ ಸಮ್ಮಿತಿಯ ಕ್ವಾಸಿಕ್ರಿಸ್ಟಲ್ ಬಗ್ಗೆ ಪ್ರಕಟಿಸಿತ್ತು. ಕ್ಷಿಪ್ರವಾಗಿ ತಣಿಸಿದ ಲೋಹಗಳ ಹತ್ತನೆಯ ಅಂತರರಾಷ್ಟ್ರೀಯ ಸಮ್ಮೇಳನ 1999ರ ಆಗಸ್ಟ್‌ನಲ್ಲಿ ನಡೆದದ್ದು ಬೆಂಗಳೂರಿನಲ್ಲೇ.

ಪ್ರಶ್ನೆ: ಇಷ್ಟು ಒಳ್ಳೆಯದಾದರೆ ನನ್ನ ಬೈಕಿನ ಪಿಸ್ಟನ್‌ನಲ್ಲಿ ಏಕಿಲ್ಲ?

ದುಡ್ಡು. ಎರಕದ ಪಿಸ್ಟನ್ ಒಂದೇ ಹೊಯ್ತದಲ್ಲಿ ಆಕಾರಕ್ಕೆ ಬರುತ್ತದೆ. ಇಲ್ಲಿ ರಿಬ್ಬನ್, ಚೂರು, ನಿರ್ವಾತ, ಒತ್ತುವುದು, ಎಕ್ಸ್‌ಟ್ರೂಷನ್, ಕೊನೆಗೆ ಸರಳಿನಿಂದ ಕಡೆಯುವುದು. 12% ಸಿಲಿಕಾನ್‌ನ ಎರಕದ ಪಿಸ್ಟನ್ ಬೈಕಿಗೆ ಸಾಕಷ್ಟು ಒಳ್ಳೆಯದು. ಬೇರೆ ದಾರಿಯೇ ಇಲ್ಲದ ಕಡೆ ಇವು ಬಂದಿವೆ. ದ್ರವ ಲೋಹವನ್ನು ಅನಿಲದಿಂದ ಹನಿಯಾಗಿಸಿ ನೇರ ದಿಮ್ಮಿಯಾಗಿ ಪೇರಿಸುವ ಸ್ಪ್ರೇ ಫಾರ್ಮಿಂಗ್‌ನಿಂದ ಮಾಡಿದ 25% ಸಿಲಿಕಾನ್‌ನ ಸಿಲಿಂಡರ್ ಲೈನರ್‌ಗಳು ಮರ್ಸಿಡಿಸ್‌ನ ವಿ6 ಎಂಜಿನ್‌ಗಳಲ್ಲಿ ಬಂದವು. ಸಾದಾ ಎರಕದಲ್ಲಿ ಅಷ್ಟು ಸಿಲಿಕಾನ್ ದಪ್ಪ ಹರಳಾಗಿ ಉಳಿ ಮುರಿಯುತ್ತಿತ್ತು. ನೆದರ್‌ಲೆಂಡ್ಸ್‌ನಲ್ಲಿ ರಿಬ್ಬನ್ ಮಾರ್ಗದಿಂದ ಮಾಡುವ 6061 ವಜ್ರದ ಉಳಿಯಲ್ಲಿ ಕಡೆದ ಕನ್ನಡಿಗಳಿಗೆ ಹೋಗುತ್ತದೆ. ಅಲ್ಲಿ ಬೇಕಾದದ್ದು ಬಲಕ್ಕಿಂತ ಹೆಚ್ಚಾಗಿ ಉಳಿಗೆ ಎಡವದ ಸಣ್ಣ ಕಣ.

ಪ್ರಶ್ನೆ: ರಿಬ್ಬನ್ ಅನ್ನು ಮಿಕ್ಸರ್‌ನಂಥ ಯಂತ್ರದಲ್ಲಿ ನಾವೇ ಪುಡಿ ಮಾಡಬಹುದೇ?

ಬೇಡ. 45 ಮೈಕ್ರಾನಿಗಿಂತ ಸಣ್ಣ ಅಲ್ಯೂಮಿನಿಯಂ ಧೂಳು ಗಾಳಿಯಲ್ಲಿ ತೇಲುವಾಗ ಒಂದು ಕಿಡಿಗೆ ಸ್ಫೋಟಿಸುತ್ತದೆ. ಸ್ವಿಚ್ಚಿನ ಕಿಡಿಯೂ ಸಾಕು, ಪ್ಲಾಸ್ಟಿಕ್ ಡಬ್ಬಿಯ ಸ್ಥಿರ ವಿದ್ಯುತ್ತೂ ಸಾಕು. ಕತ್ತರಿಸುವ ಕೆಲಸವನ್ನು ಅರ್ಥಿಂಗ್ ಇರುವ ಯಂತ್ರದಲ್ಲಿ, ಆರ್ಗಾನ್ ಒಳಗೆ ಮಾಡಿ. ಆರ್ಗಾನ್ ತೆಗೆದು ಗಾಳಿಯನ್ನು ಒಮ್ಮೆಗೇ ಬಿಡಬೇಡಿ, 1%ನಷ್ಟು ಆಮ್ಲಜನಕದಿಂದ ಶುರು ಮಾಡಿ ಹೊಸ ಮೈಗೆ ಆಕ್ಸೈಡ್ ಕೂರಲು ಬಿಡಿ. ತುಕ್ಕು ಹಿಡಿದ ಕಬ್ಬಿಣದ ಗುಂಡುಗಳಿರುವ ಗಿರಣಿ ಬಳಸಬೇಡಿ, ತುಕ್ಕು ಮತ್ತು ಅಲ್ಯೂಮಿನಿಯಂ ಸೇರಿದರೆ ಥರ್ಮೈಟ್, ಅಂದರೆ ಉಗ್ರ ಶಾಖದಲ್ಲಿ ಉರಿಯುವ ಮಿಶ್ರಣ. ಬೆಂಕಿ ಹತ್ತಿದರೆ ನೀರು, ಸಾಮಾನ್ಯ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಎರಡೂ ಬೇಡ. ಲೋಹದ ಬೆಂಕಿಗೆಂದೇ ಇರುವ ಡಿ ವರ್ಗದ ಪುಡಿ ಅಥವಾ ಚೆನ್ನಾಗಿ ಒಣಗಿದ ಮರಳನ್ನು ಧೂಳು ಏಳದ ಹಾಗೆ ಮೆಲ್ಲಗೆ ಮುಚ್ಚಿ, ಪೂರ್ತಿ ತಣ್ಣಗಾಗುವ ತನಕ ಕೆದಕಬೇಡಿ.